ಕಾಲು ನೋಡುವ ಕೋಚ್

ಎರಡು ಸಾವಿರದ ನಾಲ್ಕರಲ್ಲಿ ವಿಜಯನಗರಕ್ಕೆ ಬಂದ ಗುಮಾಸ್ತ ಶ್ಯಾಮಣ್ಣ, ಮೈದಾನದ ಅಂಚಿನಲ್ಲಿ ಕೂತು ಹುಡುಗರ ಕಾಲು ಒತ್ತಿ ನೋಡುತ್ತಿದ್ದ ಎತಿರಾಜು ಅವರನ್ನು ಮೂಳೆಗೆ ಪುತ್ತೂರು ಕಟ್ಟು ಹಾಕುವವರೆಂದೇ ತಿಳಿದು, ಬಸ್ಸಿಳಿಯುವಾಗ ಉಳುಕಿದ ಪಾದ ಎಳೆದುಕೊಂಡು ಸಾಲಿನಲ್ಲಿ ನಿಂತರು. ಎತಿರಾಜು ಒತ್ತಿ ನೋಡಿ, ‘ಎರಡು ವಾರ ಆಡೋ ಹಾಗಿಲ್ಲ ಸಾರ್’ ಎಂದರು. ಜೀವಮಾನದಲ್ಲಿ ಚೆಂಡು ಮುಟ್ಟದ ಶ್ಯಾಮಣ್ಣನಿಗೆ ಟೀಮಿನಿಂದ ಹೊರಗುಳಿದ ಗೌರವ ಹೀಗೆ ದಕ್ಕಿತು. ಅಂದಿನಿಂದ ದಿನವೂ ಹಾಜರು. ಈ ಫುಟ್‌ಬಾಲ್ ಕೋಚ್ ಚೆಂಡಿನ ಮುಖ ನೋಡುವ ಮೊದಲು ಇಪ್ಪತ್ತೆರಡು ಕಾಲು ನೋಡಬೇಕು. ಉಗುರು ಬೆಳೆದಿದ್ದರೆ ತಾವೇ ಕತ್ತರಿಸುತ್ತಾರೆ. ನೋವು ಮುಚ್ಚಿಟ್ಟವನನ್ನು ನೆರಳು ನೋಡಿಯೇ ಹಿಡಿಯುತ್ತಾರೆ. ‘ನಿನ್ನ ಎಡಗಾಲು ಸುಳ್ಳು ಹೇಳ್ತಿದೆ ಕಣೋ, ಕೂತ್ಕೊ.’ ಕಾರ್ಖಾನೆಯೊಂದರ ಟೀಮಿಗೆ ಆರು ವರ್ಷ ಆಡಿದವರು, ತಾವು ಹೊಡೆದ ಗೋಲುಗಳ ಮಾತೆತ್ತುವುದಿಲ್ಲ. ಕೂತಾಗ ಬಲಗಾಲು ಮಾತ್ರ ಕೋಲಿನಂತೆ ಚಾಚಿಕೊಂಡೇ ಇರುತ್ತದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಊದಿದ ಮಂಡಿಗೆ ಬಟ್ಟೆ ಬಿಗಿದು, ಯಾರಿಗೂ ಹೇಳದೆ ಒಂದು ಫೈನಲ್ ಆಡಿದ್ದರಂತೆ. ಕಪ್ ಬಂತು, ಮಂಡಿ ಮತ್ತೆ ಮಡಚಲಿಲ್ಲ. ಈ ಸಲದ ಫೈನಲ್ ದಿನ, ಯಾರಿಲ್ಲದಿದ್ದರೆ ಟೀಮು ಸೋಲುವುದೇ ಖಂಡಿತವೋ ಆ ದುಂಡೇಶನ ಕಣಕಾಲು ಬಾತಿತ್ತು. ಎತಿರಾಜು ಅವನನ್ನು ಹೊರಗೆ ಕೂರಿಸಿದರು. ಇಸ್ತ್ರಿ ಕೆಡದಂತೆ ನಿಂತು ಕಪ್ ಕೊಡಲು ಕಾಯುತ್ತಿದ್ದ ಬಡಾವಣೆ ಸಂಘದ ಅಧ್ಯಕ್ಷರು ತಡೆಯಲಾರದೆ ಬಂದು, ‘ಅಲ್ರೀ, ಒಂದೇ ಒಂದು ಮ್ಯಾಚು. ಆಡಿಸಿದ್ರೆ ಹುಡುಗ ಏನಾಗಿಬಿಡ್ತಾನೆ?’ ಎಂದರು. ದುಂಡೇಶನ ಕಾಲಿಗೆ ಮಂಜುಗಡ್ಡೆ ಒತ್ತುತ್ತಿದ್ದ ಎತಿರಾಜು ತಲೆಯೆತ್ತದೆ, ‘ಕೋಚ್ ಆಗ್ತಾನೆ ಸಾರ್’ ಎಂದರು.