ಚುರಮುರಿ ದೊಡ್ಡವ್ವನನ್ನು ಮಾತಾಡಿಸಲಿಕ್ಕೆ ಬಂದವರು

ಸುರಪುರದ ನಮ್ಮ ಓಣಿಯಲ್ಲಿ ಚುರಮುರಿ ಮಾರುತ್ತಿದ್ದ ದೊಡ್ಡವ್ವನ ಎದೆಯ ಗಂಟು ನೋಡಿ ಹೈದರಾಬಾದಿನ ದವಾಖಾನೆಯವರು ಕೈಚೆಲ್ಲಿದರು. ಆಮೇಲೆ ಮಾತಾಡಿಸಲಿಕ್ಕೆ ಬಂದವರೆಲ್ಲ ಹೆಣ ಎತ್ತಿದ ಮನೆಗೆ ಬಂದವರ ಹಾಗೆ ಹೊಸ್ತಿಲಾಚೆಗೇ ನಿಂತು ಮೂಗು ಒರೆಸುತ್ತಿದ್ದರು. ರೋಗ ಅಂಟೀತೆಂದು ಚಹಾನೂ ಮುಟ್ಟುತ್ತಿರಲಿಲ್ಲ.

“ಇನ್ನೂ ಇದ್ದೀನ್ರಿ, ಒಳಗ ಬರ್ರಿ,” ಅನ್ನುತ್ತಿದ್ದಳು ಆಕೆ.

ಅವರು ಹೋದರೆ ನನ್ನನ್ನು ಕರೆಯುತ್ತಿದ್ದಳು. “ಪಟವಾರಿ ಹ್ಯಾಂಗ ಅತ್ತ, ಮಾಡಿ ತೋರಸು.”

ಊರಿನ ಕಂದಾಯದ ಲೆಕ್ಕ ಬರೆಯುವ ಪಟವಾರಿಯ ಹಾಗೆ, ನಿಜಾಮರ ಖಜಾನೆಯೇ ಮುಳುಗಿದಂತೆ ನಾನು ಬಿಕ್ಕುತ್ತಿದ್ದೆ. ಆಕೆ ಎದೆ ಒತ್ತಿಹಿಡಿದು ನಗುತ್ತಿದ್ದಳು. ಆ ಮನೆಯ ಚಹಾ ಕುಡಿದವನು ನಾನೊಬ್ಬನೇ. ಧೈರ್ಯಕ್ಕಲ್ಲ, ಜೊತೆಗೆ ಸಿಗುವ ಚುರಮುರಿಯ ಆಸೆಗೆ.

ಒಂದು ದಿನ ಆಕೆಗೆ ಹಾಸಿಗೆಯಿಂದ ಏಳಲಾಗಲಿಲ್ಲ. ನಾನು ಹೊಸ್ತಿಲಲ್ಲೇ ನಿಂತೆ. ಮೋರೆ ತಾನಾಗೇ ಜೋತುಬಿತ್ತು.

“ಇದು ಯಾರ ನಕಲಿಯೋ?”

“ಯಾರದೂ ಅಲ್ಲ, ದೊಡ್ಡವ್ವ.”

“ಹಂಗಾದ್ರ ಬ್ಯಾಡ. ನಿನಗ ಬರಂಗಿಲ್ಲ ಅದು. ಪಟವಾರಿದು ಮಾಡು.”