ಗಾಯಕ್ಕೂ ಒಂದು ಚೆಂದದ ಫೋಟೋ

ಪೌಡರಕ್ಕನಿಗೆ ಮೊಬೈಲೆಂದರೆ ಮೈಯೆಲ್ಲ ಉರಿ. ಉರಿಯದೆ ಇನ್ನೇನು? ಸ್ಟುಡಿಯೋಗೆ ಬಂದ ಗಿರಾಕಿಗಳ ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿ, ಕಾಲರ್ ನೆಟ್ಟಗೆ ಮಾಡಿ ಕ್ಯಾಮೆರಾದ ಮುಂದೆ ಕೂರಿಸುವುದು ಅವಳ ಕೆಲಸವಾಗಿತ್ತು. ಅದರಿಂದಲೇ ಆ ಹೆಸರು. ಯಾವಾಗ ಮನೆಮನೆಗೂ ಮೊಬೈಲು ಬಂತೋ, ಅವಳ ಅನ್ನಕ್ಕೆ ಕಲ್ಲು ಬಿತ್ತು. ಈಗಿನವರು ಉಣ್ಣುವ ತಟ್ಟೆಯನ್ನೂ ಬಿಡುವುದಿಲ್ಲ, ಆಕಳಿಸುವ ಬೆಕ್ಕನ್ನೂ ಬಿಡುವುದಿಲ್ಲ. ತಲೆ ಬಾಚಿಕೊಳ್ಳದೆಯೇ ಹಲ್ಲು ಕಿರಿದು ಕ್ಲಿಕ್ಕಿಸಿಕೊಳ್ಳುತ್ತಾರೆ. ಫೋಟೋ ಎಂದರೆ ಒಂದು ಮರ್ಯಾದೆ ಬೇಡವೇ ಎಂದು ಅವಳು ಗೊಣಗುತ್ತಿದ್ದಳು.

ಅಂಥವಳ ಕೈಗೂ ಮೊಬೈಲು ಬಂದದ್ದು ಗಂಡನ ಕಾಲಿನ ದೆಸೆಯಿಂದ. ಮೀನಖಂಡದಲ್ಲಿದ್ದ ಗಡ್ಡೆ ತೆಗೆದು, ಹೊಲಿಗೆ ಹಾಕಿ ಮನೆಗೆ ಕಳಿಸುವಾಗ ಡಾಕ್ಟರಮ್ಮ, "ದಿನಾ ಬರೋದು ಬೇಡ. ಬೆಳಿಗ್ಗೆ ಪಟ್ಟಿ ಬದಲಾಯಿಸುವಾಗ ಗಾಯದ ಒಂದು ಫೋಟೋ ಕಳಿಸಿ, ನಾನು ನೋಡ್ತೀನಿ" ಎಂದಿದ್ದರು. ಮಗಳು ಅವತ್ತೇ ಒಂದು ಮೊಬೈಲು ತಂದು, ಎಲ್ಲಿ ಒತ್ತಬೇಕೆಂದು ಹೇಳಿಕೊಟ್ಟು ಹೋದಳು.

ಮೊದಲ ದಿನ ಅವಳು ಪಟ್ಟಿ ಬಿಚ್ಚಿದಳು. ಡಾಕ್ಟರ ಕಣ್ಣಿಗೆ ಬೀಳುವಂಥದ್ದು, ಹೇಗೆಂದರೆ ಹಾಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಹಾಸಿಗೆಗೆ ಒಗೆದ ಬಿಳಿ ಬಟ್ಟೆ ಹಾಸಿದಳು. ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಕಿಟಕಿಯ ಪರದೆ ಎಳೆದಳು. ಕೆಂಪಗೆ ಊದಿದ ಬದಿ ಕಾಣದಂತೆ ಕಾಲನ್ನು ತುಸು ಓರೆ ಮಾಡಿಸಿದಳು. ಏಳೆಂಟು ಸಲ ಒತ್ತಿ, ಅದರಲ್ಲಿ ಚೆಂದದ್ದನ್ನು ಆರಿಸಿ ಕಳಿಸಿದಳು. "ಚೆನ್ನಾಗಿದೆ" ಎಂದು ಉತ್ತರ ಬಂತು. ಅವಳಿಗೆ ಒಳಗೊಳಗೇ ಹೆಮ್ಮೆ.

ದಿನವೂ ಅದೇ ನಡೆಯಿತು. ಊತ ಹೆಚ್ಚಿದಷ್ಟೂ ಕಾಲು ಓರೆಯಾಗುತ್ತಾ ಹೋಯಿತು. ಅದು ಅವಳಿಗೂ ಕಾಣುತ್ತಿತ್ತು. ಆದರೂ ಡಾಕ್ಟರೇ ಚೆನ್ನಾಗಿದೆ ಅಂದ ಮೇಲೆ ತನ್ನದೇನು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಗಂಡನ ಹಣೆ ಮುಟ್ಟಿದರೆ ಕೆಂಡ. ಪಟ್ಟಿ ಬಿಚ್ಚಿದರೆ ಕೀವಿನ ವಾಸನೆ. ಅಷ್ಟಾದರೂ ಅವಳ ಕೈ ತಾನಾಗಿ ಪರದೆಯತ್ತ ಹೋಗಿ, ಅಲ್ಲೇ ನಿಂತಿತು. ಡಾಕ್ಟರು ಇಷ್ಟು ದಿನ ನೋಡಿದ್ದು ಈ ಕಾಲನ್ನಲ್ಲ, ತಾನು ಸಿಂಗರಿಸಿ ಕೂರಿಸಿದ ಕಾಲನ್ನು. ಕೈಯಾರೆ ಗಂಡನಿಗೆ ಕುತ್ತು ತಂದೆನಲ್ಲ ಎಂದುಕೊಂಡಳು.

"ಯಾಕೆ ನಿಂತ್ಬಿಟ್ಟೆ?" ಎಂದ ಗಂಡ, ಕಣ್ಣು ಮುಚ್ಚಿಕೊಂಡೇ.

ಅವಳು ಪರದೆಯನ್ನು ಪೂರ್ತಿ ಸರಿಸಿದಳು. ಕಾಲನ್ನು ಬಿಸಿಲಿಗೆ ತಿರುಗಿಸಿ, ಊತ, ಕೀವು, ಬಿಗಿದು ಹೊಳೆಯುವ ಚರ್ಮ ಎಲ್ಲ ಕಾಣುವಂತೆ ಒಂದೇ ಸಲ ಒತ್ತಿ ಕಳಿಸಿದಳು. ಕೂಡಲೇ ಮೊಬೈಲು ಬಡಿದುಕೊಂಡಿತು; ಎತ್ತಿ ಕಿವಿಗೆ ಹಿಡಿದಳು.

"ಇದು ನಿನ್ನೆ ಮೊನ್ನೆಯದಲ್ಲಮ್ಮ," ಎಂದರು ಡಾಕ್ಟರಮ್ಮ. "ಈಗ್ಲೇ ಕರ್ಕೊಂಡು ಬನ್ನಿ."

"ಕಾಲು ಉಳಿಯುತ್ತಲ್ವಾ ಡಾಕ್ಟ್ರೇ?"

"ಮೊದ್ಲು ಹೊರಡಿ."

ಅಂಗಿ ತೊಡಿಸುವಾಗ ಗಂಡ ಕೇಳಿದ, "ಇವತ್ತಿನ ಫೋಟೋ ಚೆನ್ನಾಗಿ ಬಂತೇನೇ?"

"ಇಲ್ಲ ರೀ," ಎಂದಳು, ಅಳುವಿನಲ್ಲಿ ಗುಂಡಿ ಕಾಣದೆ ತಡವರಿಸುತ್ತಾ. "ಇದ್ದ ಹಾಗೇ ಬಂದಿದೆ."