ಪುಸ್ತಕದಲ್ಲಿಲ್ಲದ ಕೆಂಪತ್ತೆ

ಉಳುವವರ ಮನೆ ಹೆಣ್ಣು ಬಿ.ಎ. ಮಾಡುವುದು ಆಗುವ ಹೋಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ. "ಆಗ್ತದೆ ಬುಡಣ್ಣ, ಬಸ್ಸಿಗೆ ನಾನು ಅತ್ತಿಸ್ತೀನಿ" ಎಂದವಳು ಅವರ ತಂಗಿ, ನನ್ನ ಸೋದರತ್ತೆ ಕೆಂಪಮ್ಮ. ಅಮೃತಹಳ್ಳಿಯಿಂದ ಹೆಬ್ಬಾಳದವರೆಗೆ ದಿನಾ ನನ್ನ ಜೊತೆ ನಡೆದಳು. ತಲೆ ಮೇಲೆ ದ್ರಾಕ್ಷಿ ಕುಕ್ಕೆ, ಬಾಯಿ ತುಂಬ ಮಾತು.

ಇಪ್ಪತ್ತು ತುಂಬುವ ಮೊದಲೇ ಗಂಡ ಸತ್ತು ತವರಿಗೆ ಬಂದವಳು. ಶನಿವಾರ ಎಣ್ಣೆನೀರು ಹಾಕಿಕೊಂಡು ಹಿತ್ತಲ ಬಿಸಿಲಿಗೆ ಕೂದಲು ಹರವಿ ಕೂತರೆ, ತನ್ನ ತೋಳನ್ನೇ ಮೂಗಿಗೆ ಹಿಡಿದು ಮೂಸಿಕೊಳ್ಳುತ್ತಿದ್ದಳು. ಅಮ್ಮ ಗದರಿದರೆ, "ಇನ್ಯಾರು ಮೂಸ್ಬೇಕು ಏಳತ್ತಿಗೆ" ಅನ್ನುವಳು. ಅಮ್ಮ ನಕ್ಕು, ಒಳಗೆ ಹೋಗಿಬಿಡುತ್ತಿದ್ದಳು.

ಒಂದು ಸಲ ಗೆಳತಿಯಿಂದ ಪುಸ್ತಕವೊಂದನ್ನು ತಂದಿದ್ದೆ. ದಾಂಪತ್ಯದ ಬಗ್ಗೆ ಯಾರೋ ಡಾಕ್ಟರು ಬರೆದದ್ದು. ಕಾಲೇಜಿನ ಹುಡುಗಿಯರು ರಟ್ಟು ಕಾಣದಂತೆ ಕಾಗದ ಸುತ್ತಿ ಓದುತ್ತಿದ್ದರು. ಅತ್ತೆಗೆ ಓದು ಬರದು. ದ್ರಾಕ್ಷಿ ಚಪ್ಪರದಡಿ ನಾನೇ ಓದಿ ಹೇಳಿದೆ. ಹೆಂಗಸಿಗೆ ಬಯಕೆ ತಾನಾಗಿ ಏಳುವುದಿಲ್ಲ, ಗಂಡ ಎಬ್ಬಿಸಬೇಕು ಎಂದಿತ್ತು.

"ಯಾವ ಹೆಂಗ್ಸು ಇಂಗಂದೋಳು?"

"ಹೆಸರು ಹಾಕಿಲ್ಲ ಅತ್ತೆ. ಎಲ್ಲಾ ಹೆಂಗಸರೂ ಅಂತ."

"ಗಂಡ ಇಲ್ದೋರ್ದು ಏನಾರ ಬರ್ದವ್ನಾ, ನೋಡು."

ತಿರುವಿ ತಿರುವಿ ಒಂದು ಸಾಲು ಸಿಕ್ಕಿತು. ವಿಧವೆಯರು ಮನಸ್ಸನ್ನು ದೇವರಲ್ಲಿ ಇಡತಕ್ಕದ್ದು.

ಅತ್ತೆ ಹಣ್ಣು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಮನ್ಸ ಮಡಗ್ತೀನಿ. ಮೈ ಎಲ್ಲಿ ಮಡಗ್ಲಿ?"

ನಾನು ಪುಸ್ತಕ ಮುಚ್ಚಿದೆ.

ಆ ವಾರವೇ ಅವಳು ಅಪ್ಪನನ್ನು ನೇರವಾಗಿ ಕೇಳಿದಳು. ಬಳ್ಳಿ ಸವರಲು ಬಾಗಲೂರಿನಿಂದ ಒಬ್ಬಾತ ಬರುತ್ತಿದ್ದ, ಹೆಂಡತಿ ಸತ್ತವನು. ಅವನಿಗೆ ತನ್ನನ್ನು ಉಡಿಕೆ ಮಾಡಿ ಕೊಡಿ ಎಂದು. ನಮ್ಮಲ್ಲಿ ಅದು ಹೊಸತೇನಲ್ಲ. ಗಂಡ ಸತ್ತವಳಿಗೆ ಓಲಗವಿಲ್ಲದೆ, ಹಂದರವಿಲ್ಲದೆ ಒಂದು ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸಿಕೊಡುವುದು. ನಮ್ಮ ಮುತ್ತಜ್ಜಿಯೇ ಹಾಗೆ ಬಂದವಳು.

ಅಪ್ಪ ತಲೆ ಎತ್ತಲಿಲ್ಲ. "ಅದೆಲ್ಲ ಆಗಿನ ಕಾಲಕ್ಕಾಯ್ತು ಕೆಂಪಿ. ಮಗಳು ಬಿ.ಎ. ಓದ್ತಾವ್ಳೆ. ನಾಳೆ ಓದಿರೋ ಗಂಡಿನೋರು ಬಂದು, ಇದು ಉಡಿಕೆ ಮಾಡೋ ಮನೆ ಅಂದ್ರೆ?"

"ಅವ್ಳ ಮದ್ವೆ ಅವ್ಳ್ದು. ನಾನು ಕೇಳ್ತಿರೋದು ನಂದು."

"ಅವ್ಳ ಓದು ಮುಗೀಲಿ, ತಡಿ."

ಅತ್ತೆ ತಡೆದಳು. ನಾನು ಇಂಗ್ಲಿಷಿನಲ್ಲಿ ಒಂದು ಸಲ ಫೇಲಾಗಿ ಮತ್ತೆ ಕಟ್ಟಿದೆ. ಬಾಗಲೂರಿನವನು ಆ ವರ್ಷವೇ ಬೇರೊಬ್ಬಳನ್ನು ತಂದುಕೊಂಡ. ಸುದ್ದಿ ಬಂದ ಮರುದಿನವೂ ಅತ್ತೆ ಕುಕ್ಕೆ ಹೊತ್ತು ನನ್ನ ಜೊತೆ ಹೆಬ್ಬಾಳಕ್ಕೆ ನಡೆದಳು. ಮಾತು ಮಾತ್ರ ಇರಲಿಲ್ಲ. ಆ ಬಾಯಿ ತುಂಬ ಮಾತು ಆಮೇಲೂ ಮರಳಲಿಲ್ಲ.

ಕಡೆಗೂ ಪಾಸಾದೆ. ಊರಿಗೆ ಮೊದಲ ಗ್ರಾಜುಯೇಟು. ದೊಡ್ಡಪ್ಪ ಆ ಸರ್ಟಿಫಿಕೇಟನ್ನು ಮನೆಮನೆಗೂ ತೋರಿಸಿಕೊಂಡು ಬಂದರು. ನನಗೆ ಹೆಮ್ಮೆ ಇತ್ತು, ಈಗಲೂ ಇದೆ. ಅತ್ತೆ ಜ್ವರ ಹಿಡಿದು ನಡುಮನೆಯಲ್ಲಿ ಮಲಗಿದ್ದಳು. ಆ ಜ್ವರದಿಂದ ಅವಳು ಏಳಲೇ ಇಲ್ಲ. ಪಕ್ಕದಲ್ಲಿ ಕೂತು ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತಗೊಂಡಳು. ಎರಡೂ ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇದ್ಕೇನವ್ವ ನಾನು ಕಾದಿದ್ದು? ಬಲು ಅಗುರಾಗೈತಲ್ಲ."